ಎಲೆಕ್ಟ್ರಾನುಗಳ ಅಕ್ಕಡಿ ಸಾಲು

ಭೀಮಾ ನದಿಯ ಮರಳಿನಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತ ಆಡಿಸಿದರೆ ಸಣ್ಣ ಕರಿ ಹರಳುಗಳು ಮುಳ್ಳುಮುಳ್ಳಾಗಿ ಅಂಟಿಕೊಳ್ಳುತ್ತವೆ. ದಖ್ಖನದ ಕರಿಗಲ್ಲು ಸವೆದು ಬಂದ ಮ್ಯಾಗ್ನೆಟೈಟ್ ಜಾತಿಯ ಕಬ್ಬಿಣದ ಆಕ್ಸೈಡ್ ಅದು. ಕಲಬುರಗಿಯ ಹುಡುಗರಿಗೆ ಇದನ್ನು ತೋರಿಸಿದಾಗಲೆಲ್ಲ ಯಾರಾದರೊಬ್ಬರು, "ಸರ, ಅಯಸ್ಕಾಂತದ ಕಡಗ ಹಾಕ್ಕೊಂಡ್ರ ಬಿಪಿ ಇಳಿತದಂತಲ್ರಿ?" ಎನ್ನುತ್ತಾರೆ. ಇಳಿಯುವುದಿಲ್ಲ.

ಈ ಖನಿಜದ ನಿಜವಾದ ಸೋಜಿಗ ಬೇರೆಯೇ ಇದೆ. ಶುದ್ಧ ಮ್ಯಾಗ್ನೆಟೈಟನ್ನು ಮೈನಸ್ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಣಿಸಿದರೆ ಅದರ ವಿದ್ಯುತ್ ವಾಹಕತೆ ಒಮ್ಮೆಲೇ ಸುಮಾರು ನೂರು ಪಟ್ಟು ಕುಸಿಯುತ್ತದೆ. (ನಮ್ಮ ಹೊಳೆಯ ಹರಳಿನಲ್ಲಿ ಟೈಟಾನಿಯಂ ಬೆರೆತಿರುವುದರಿಂದ ಆಟ ಇಷ್ಟು ಸ್ಪಷ್ಟವಾಗಿ ಕಾಣದು.) ಓಡಾಡುತ್ತಿದ್ದ ಎಲೆಕ್ಟ್ರಾನುಗಳು ಒಂದು ಕ್ರಮ ಹಿಡಿದು ಕೂತುಬಿಡುತ್ತವೆ ಎಂದು ಡಚ್ ವಿಜ್ಞಾನಿ ವೆರ್ವೆ 1939ರಲ್ಲಿ ಊಹಿಸಿದರು. ಅದಕ್ಕೂ ಎರಡು ವರ್ಷ ಮುಂಚೆ ಅವರೂ ಡಿ ಬೋರ್ ಅವರೂ ನಿಕಲ್ ಆಕ್ಸೈಡಿನ ತಕರಾರು ಎತ್ತಿದ್ದರು: ಆಗಿನ ಸಿದ್ಧಾಂತದ ಪ್ರಕಾರ ಅದು ಲೋಹದಂತೆ ವಿದ್ಯುತ್ ಹರಿಸಬೇಕು, ಹರಿಸುವುದಿಲ್ಲ. ಎಲೆಕ್ಟ್ರಾನುಗಳು ಒಂದನ್ನೊಂದು ದೂಡುವುದೇ ಕಾರಣವಿರಬೇಕು ಎಂದು ಭೌತವಿಜ್ಞಾನಿಗಳಾದ ಪೈಯರ್ಲ್ಸ್, ಮಾಟ್ ಹೇಳಿದರು.

1963ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಹಬ್ಬರ್ಡ್ ಇದನ್ನೆಲ್ಲ ಎರಡೇ ಅಂಕಿಯ ಒಂದು ಮಾದರಿಗೆ ಇಳಿಸಿದರು. ಹರಳಿನಲ್ಲಿ ಎಲೆಕ್ಟ್ರಾನ್ ಕೂರುವ ಒಂದೊಂದು ಪರಮಾಣುವಿನ ಜಾಗವೂ ಒಂದೊಂದು ಮನೆ ಎಂದುಕೊಳ್ಳಿ. ಪಕ್ಕದ ಮನೆಗೆ ಜಿಗಿಯುವ ಸಲೀಸು ಒಂದು, ಒಂದೇ ಮನೆಯಲ್ಲಿ ಇಬ್ಬರಿದ್ದರೆ ತೆರಬೇಕಾದ ದಂಡ ಇನ್ನೊಂದು. ಇಷ್ಟೇ! ಆದರೂ ಇದನ್ನು ಬಿಡಿಸುವುದು ಮಹಾ ಕಷ್ಟ. "ಸೂಪರ್‌ಕಂಪ್ಯೂಟರಿಗೆ ಹಾಕಿದ್ರ ಆಯ್ತಲ್ರಿ" ಎನ್ನುವವರಿಗೆ ನಾನು ಲೆಕ್ಕ ಹಾಕಿಸುತ್ತೇನೆ. ಒಂದು ಮನೆ ಖಾಲಿ ಇರಬಹುದು, ಮೇಲ್ಮುಖ ಸ್ಪಿನ್ನಿನ (ಸ್ಪಿನ್ ಎಂದರೆ ಎಲೆಕ್ಟ್ರಾನಿನೊಳಗಿನ ಪುಟ್ಟ ಅಯಸ್ಕಾಂತದ ದಿಕ್ಕು ಎಂದುಕೊಳ್ಳಿ) ಎಲೆಕ್ಟ್ರಾನ್ ಇರಬಹುದು, ಕೆಳಮುಖದ್ದಿರಬಹುದು, ಎರಡೂ ಇರಬಹುದು. ಒಟ್ಟು ನಾಲ್ಕು ಸ್ಥಿತಿ. ಹತ್ತು ಮನೆಗೆ 10,48,576. ಇಪ್ಪತ್ತಕ್ಕೆ ಒಂದು ಲಕ್ಷ ಕೋಟಿಗೂ ಮೇಲೆ. ಸಮ್ಮಿತಿ ಬಳಸಿ ಸ್ವಲ್ಪ ಉಳಿಸಬಹುದು, ನಿಜ. ಆದರೆ ಮಷೀನಿನ ಮೆಮೊರಿ ನಾಲ್ಕು ಪಟ್ಟು ಮಾಡಿದರೆ ದಕ್ಕುವುದು ಒಂದೇ ಒಂದು ಹೆಚ್ಚಿನ ಮನೆ. ಎಲ್ಲವನ್ನೂ ಎಣಿಸದೆ ಅಲ್ಲಲ್ಲಿ ಸ್ಯಾಂಪಲ್ ತೆಗೆಯೋಣವೆಂದರೆ, ಎರಡು ಎಲೆಕ್ಟ್ರಾನುಗಳು ಜಾಗ ಅದಲುಬದಲಾದಾಗ ಲೆಕ್ಕದ ಚಿಹ್ನೆ ತಿರುಗುತ್ತದೆ. ಪ್ಲಸ್ಸೂ ಮೈನಸ್ಸೂ ಹೊಡೆದುಹೋಗಿ, ಬೇಕಾದ ಉತ್ತರ ಗದ್ದಲದಲ್ಲಿ ಮುಳುಗುತ್ತದೆ. ಇದಕ್ಕೆ ಎಲ್ಲೆಡೆ ಸಲ್ಲುವ ಸುಲಭದ ಮದ್ದು ಸಿಗುವುದು ತೀರಾ ಅನುಮಾನ ಎಂದು 2005ರಲ್ಲಿ ಟ್ರೋಯರ್ ಮತ್ತು ವೀಸೆ ತೋರಿಸಿಕೊಟ್ಟರು.

ಇನ್ನು ತಾಮ್ರದ ಆಕ್ಸೈಡುಗಳಿಗೆ ಬನ್ನಿ. ಎಂಟರಲ್ಲಿ ಒಂದು ಎಲೆಕ್ಟ್ರಾನ್ ತೆಗೆದರೆ ಆ ಕೊರತೆ ಎಲ್ಲ ಕಡೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ನಮ್ಮ ಹೊಲದಲ್ಲಿ ಹೆಸರಿನ ನಡುವೆ ತೊಗರಿಯ ಅಕ್ಕಡಿ ಹಾಕಿದ ಹಾಗೆ, ಸಾಲುಗಟ್ಟುತ್ತದೆ. 1995ರ ನ್ಯೂಟ್ರಾನ್ ಪ್ರಯೋಗಗಳಲ್ಲಿ ಈ ಸಾಲುಗಳು ನಾಲ್ಕು ಮನೆಗೊಂದರಂತೆ ಕಂಡವು. 2017ರಲ್ಲಿ ನಾಲ್ಕು ಬೇರೆ ಬೇರೆ ವಿಧಾನಗಳಿಂದ ಹಬ್ಬರ್ಡ್ ಮಾದರಿಯನ್ನು ಲೆಕ್ಕ ಹಾಕಿದಾಗಲೂ ಸಾಲುಗಳು ಬಂದವು, ಆದರೆ ಅಂತರ ಎಂಟು! ಐದು, ಆರು, ಏಳರ ಅಂತರಕ್ಕೂ ಎಂಟಕ್ಕೂ ಶಕ್ತಿಯಲ್ಲಿ ಇರುವ ವ್ಯತ್ಯಾಸ, ಜಿಗಿತದ ಶಕ್ತಿಯ ತೀರಾ ಸಣ್ಣ ಪಾಲು.

ಮಷೀನು ಎಡವಿದ್ದಲ್ಲ. ಎಲೆಕ್ಟ್ರಾನ್ ಓರೆಯಾಗಿ, ಮೂಲೆಯ ಮನೆಗೂ ಜಿಗಿಯಬಲ್ಲದು. ಆ ಸರಳ ಮಾದರಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅದನ್ನು ಸೇರಿಸಿದ ಮೇಲಿನ ಲೆಕ್ಕಗಳಲ್ಲಿ ಸಾಲಿನ ಅಂತರವೂ ಬದಲಾಯಿತು, ಒಂದೊಂದು ಸಾಲಿನಲ್ಲಿ ಆ ಕೊರತೆ ಎಷ್ಟು ತುಂಬಿರುತ್ತದೆ ಎಂಬುದೂ ಬದಲಾಯಿತು.