ಆಪರೇಷನ್‌ಗೆ ಮುಂಚೆ ನಾಯಿಯ ಆಂಟಿಬಯಾಟಿಕ್ ನಿಲ್ಲಿಸಬೇಕಾ?

"ನಮ್ಮ ನಾಯಿಗೆ ಆಂಟಿಬಯಾಟಿಕ್ ನಡೀತಿದೆ, ನಾಡಿದ್ದು ಆಪರೇಷನ್, ಮಾತ್ರೆ ನಿಲ್ಲಿಸಬೇಕಾ?" ಮತ್ತೆ ಅದೇ ಪ್ರಶ್ನೆ! ನೀವಾಗಿ ನಿಲ್ಲಿಸಬೇಡಿ. ಮಾತ್ರೆಯ ಸ್ಟ್ರಿಪ್, ಹಳೇ ಚೀಟಿ ಎರಡನ್ನೂ ಡಾಕ್ಟರಿಗೆ ತೋರಿಸಿ. "ಅದೇ ಸಾರ್, ಬಿಳೀ ಮಾತ್ರೆ" ಅಂದರೆ ಯಾರಿಗೆ ಗೊತ್ತಾಗುತ್ತದೆ?

ಇದರ ಹಿಂದೆ ಇರುವುದು ಒಂದೇ ನಂಬಿಕೆ: ಆಂಟಿಬಯಾಟಿಕ್ ಮೈಯಲ್ಲಿದ್ದರೆ ಅನಸ್ತೇಶಿಯಾ, ಅಂದರೆ ಮತ್ತು ಬರಿಸುವ ಔಷಧಿ, ಹಿಡಿಯುವುದಿಲ್ಲವಂತೆ. ಹಾಗಿದ್ದರೆ ಮುರಿದ ಕಾಲಿಗೆ ಪ್ಲೇಟ್ ಹಾಕಲು ಆಗುತ್ತಲೇ ಇರಲಿಲ್ಲ. ಯಾಕೆಂದರೆ ಚರ್ಮ ಕೊಯ್ಯುವ ಅರ್ಧ-ಒಂದು ಗಂಟೆ ಮೊದಲು ಸೆಫಜೋಲಿನ್ ಎಂಬ ಆಂಟಿಬಯಾಟಿಕ್ಕನ್ನು ಡಾಕ್ಟರೇ ರಕ್ತನಾಳಕ್ಕೆ ಕೊಡುತ್ತಾರೆ, ಆಪರೇಷನ್ ಉದ್ದವಾದರೆ ಸುಮಾರು 90 ನಿಮಿಷಕ್ಕೆ ಇನ್ನೊಂದು ಡೋಸ್, ಅದೂ ನಾಯಿ ಮೇಜಿನ ಮೇಲೆ ಮಲಗಿರುವಾಗಲೇ. ಗರ್ಭಕೋಶದಲ್ಲಿ ಕೀವು ತುಂಬಿದ ಹೆಣ್ಣುನಾಯಿಗೂ ಆಂಟಿಬಯಾಟಿಕ್ ಕೊಟ್ಟೇ ಒಳಗೆ ಕರೆದೊಯ್ಯುತ್ತಾರೆ. ಸೆಫಲೆಕ್ಸಿನ್, ಅಮಾಕ್ಸಿಸಿಲಿನ್ ಥರದ ಆಂಟಿಬಯಾಟಿಕ್ ಹೋಗಿ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು. ಅನಸ್ತೇಶಿಯಾ ಕೆಲಸ ಮಾಡುವುದು ಮಿದುಳಿನಲ್ಲಿ. ಇವೆರಡಕ್ಕೆ ಜಗಳವೇ ಇಲ್ಲ.

"ಆದರೆ ನಮ್ಮ ಟಾಮಿಗೆ ಮತ್ತಿನ ಔಷಧಿ ಜಾಸ್ತಿ ಬೇಕಾಯಿತಲ್ಲ?" ಹೆದರಿ ಒದ್ದಾಡುವ ನಾಯಿಗೆ ಜಾಸ್ತಿಯೇ ಬೇಕಾಗುತ್ತದೆ. ಪ್ರೊಪೋಫಾಲ್ ಥರದ ಮತ್ತಿನ ಇಂಜೆಕ್ಷನ್ನನ್ನು ಒಂದೇ ಏಟಿಗೆ ಚುಚ್ಚುವುದೂ ಇಲ್ಲ. ದವಡೆ ಸಡಿಲವಾಯಿತಾ, ರೆಪ್ಪೆ ಮುಟ್ಟಿದರೆ ಮಿಟುಕುತ್ತದಾ ಅಂತ ನೋಡುತ್ತಾ ಬೇಕಾದಷ್ಟೇ ಬಿಡುತ್ತಾರೆ. ಆ ಪಾಪದ ಮಾತ್ರೆಯ ಮೇಲೆ ಸುಮ್ನೆ ಅಪವಾದ.

ನಿಜವಾದ ತೊಂದರೆ ಇರುವುದು ಇದರ ಉಲ್ಟಾ ದಿಕ್ಕಿನಲ್ಲಿ. ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್ ಕೊಟ್ಟಿದ್ದರೆ ಲಿವರ್ ಅನಸ್ತೇಶಿಯಾವನ್ನು ನಿಧಾನವಾಗಿ ಕರಗಿಸುತ್ತದೆ, ನಾಯಿ ತಡವಾಗಿ ಏಳುತ್ತದೆ. ಗ್ರೇಹೌಂಡ್‌ಗಳಲ್ಲಿ ಪ್ರೊಪೋಫಾಲ್ ಜೊತೆ ಇದು ಕಂಡುಬಂದಿದೆ. ನಮ್ಮ ಮುಧೋಳವೂ ಅದೇ ತೆಳು ಮೈಕಟ್ಟಿನ ಬೇಟೆನಾಯಿ, ಹಾಗಾಗಿ ಅದನ್ನು ಸಾಕಿದವರು ಈ ಔಷಧಿಯ ಹೆಸರು ಮರೆಯದೆ ಹೇಳಿ. ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಆಂಟಿಬಯಾಟಿಕ್ ಆದರೆ ಬೇರೆ ಕಥೆ: ಸ್ನಾಯು ಸಡಿಲಿಸುವ ಔಷಧಿಯ ಜೊತೆ ಸೇರಿದರೆ ಉಸಿರಾಟದ ಬಲ ವಾಪಸ್ ಬರುವುದು ತಡವಾಗುತ್ತದೆ, ಬಿಪಿ ಇಳಿದರೆ ಕಿಡ್ನಿಗೂ ಪೆಟ್ಟು. ಚೀಟಿ ತನ್ನಿ ಅಂದಿದ್ದು ಇದಕ್ಕೇ.

ಯಾರೂ ಕೇಳದ ಇನ್ನೊಂದಿದೆ. ಆವತ್ತು ಬೆಳಗ್ಗೆಯ ಮಾತ್ರೆಯನ್ನು ಮೊಸರನ್ನದಲ್ಲಿ ಮುಚ್ಚಿ ಕೊಟ್ಟು "ಖಾಲಿ ಹೊಟ್ಟೇಲೇ ಇದೆ ಡಾಕ್ಟ್ರೇ" ಅನ್ನುವವರಿದ್ದಾರೆ. ಮೊಸರನ್ನ ಊಟ ಅಲ್ವಾ? ಮತ್ತಿನಲ್ಲಿ ವಾಂತಿಯಾದರೆ ನುಂಗಲು ಆಗದೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಷ್ಟು ಹೊತ್ತು ಉಪವಾಸ ಅಂತ ಡಾಕ್ಟರನ್ನೇ ಕೇಳಿ; ಮರಿಗಳನ್ನು ತುಂಬಾ ಹೊತ್ತು ಹಸಿದಿಟ್ಟರೆ ಸಕ್ಕರೆ ಅಂಶ ಇಳಿಯುತ್ತದೆ. ಅನ್ನವಿಲ್ಲದೆ ಮಾತ್ರೆ ನುಂಗುವುದೇ ಇಲ್ಲ ಅನ್ನುವ ನಾಯಿಯಾದರೆ ಹಿಂದಿನ ದಿನವೇ ಫೋನ್ ಮಾಡಿ. ಆ ಡೋಸಿನ ಬದಲು ಇಂಜೆಕ್ಷನ್ ಕೊಡಬಹುದಾ ಅಂತ ಅವರು ನೋಡುತ್ತಾರೆ.