ಪನೆಂಕಾ: ಕೀಪರ್‌ನ ಅವಸರವನ್ನೇ ನಂಬಿ ಹೊಡೆಯುವ ಪೆನಾಲ್ಟಿ

ಫುಟ್‌ಬಾಲ್‌ನಲ್ಲಿ ಪೆನಾಲ್ಟಿ ಹೊಡೆಯುವವನು ಜೋರಾಗಿ ಓಡಿ ಬರುತ್ತಾನೆ. ಗೋಲ್‌ಕೀಪರ್ ಒಂದು ಪಕ್ಕಕ್ಕೆ ಹಾರುತ್ತಾನೆ. ಚೆಂಡು ಮಾತ್ರ ಮೆಲ್ಲಗೆ ಮೇಲೆದ್ದು, ಕೀಪರ್ ಈಗಷ್ಟೇ ಖಾಲಿ ಮಾಡಿದ ನಟ್ಟನಡುವಿನಲ್ಲಿ ಬಲೆಗೆ ಬೀಳುತ್ತದೆ. ಈ ಹೊಡೆತಕ್ಕೆ ಪನೆಂಕಾ ಅಂತ ಹೆಸರು. ಇದು ಬಂದದ್ದು ಚೆಕ್ ಮಿಡ್‌ಫೀಲ್ಡರ್ ಅಂತೊನಿನ್ ಪನೆಂಕಾ ಅವರಿಂದ.

1948ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಪನೆಂಕಾ 1967ರಿಂದ 1981ರವರೆಗೆ ಅಲ್ಲಿನ ಬೊಹೆಮಿಯನ್ಸ್ ಕ್ಲಬ್‌ಗೆ ಆಡಿದರು. ಪಾಸ್, ಫ್ರೀಕಿಕ್‌ಗಳಲ್ಲಿ ಪಳಗಿದ ಕಾಲು. ಪ್ರಾಕ್ಟೀಸ್ ಮುಗಿದ ಮೇಲೆ ಕ್ಲಬ್‌ನ ಕೀಪರ್ ಹ್ರುಷ್ಕಾ ಜೊತೆ ಬಾಜಿ ಕಟ್ಟಿ ಪೆನಾಲ್ಟಿ ಹೊಡೆಯುತ್ತಿದ್ದರು. ಸೋತವರು ಬಿಯರ್ ಇಲ್ಲವೇ ಚಾಕೊಲೇಟ್ ಕೊಡಿಸಬೇಕು. ಪನೆಂಕಾ ಸೋಲುತ್ತಿದ್ದುದೇ ಜಾಸ್ತಿ. ಜೇಬಿಗೆ ಬಿಸಿ ತಟ್ಟಿದಾಗ ಯೋಚನೆ ಶುರುವಾಯಿತು. ಕೀಪರ್ ಕೊನೆಯವರೆಗೆ ಕಾಯುವುದಿಲ್ಲ, ಯಾವುದೋ ಒಂದು ಕಡೆಗೆ ಹಾರಿಬಿಡುತ್ತಾನೆ. ಹಾರಿದವನು ಗಾಳಿಯಲ್ಲೇ ವಾಪಸ್ ತಿರುಗೋಕಾಗುತ್ತಾ? ಹಾಗಾದರೆ ನಡುವಿಗೇ ಹೊಡೆಯೋಣ, ಅದೂ ನಿಧಾನಕ್ಕೆ. ಉಪಾಯ ಫಲಿಸಿತು. ಗೆದ್ದ ಬಿಯರ್, ಚಾಕೊಲೇಟ್‌ನಿಂದ ಮೈ ಬಂತು ಅಂತ ಆಮೇಲೆ ಅವರೇ ತಮಾಷೆ ಮಾಡಿದ್ದಾರೆ.

1976ರ ಜೂನ್ 20, ಬೆಲ್‌ಗ್ರೇಡ್, ಯುರೋಪಿನ ದೇಶಗಳ ಕಪ್ ಆದ ಯೂರೋದ ಫೈನಲ್. ಎದುರಿಗಿದ್ದದ್ದು ಆಗಿನ ವಿಶ್ವ ಚಾಂಪಿಯನ್ ಪಶ್ಚಿಮ ಜರ್ಮನಿ. ಪನೆಂಕಾ ಅವರ ದೇಶ ಚೆಕೊಸ್ಲೊವಾಕಿಯಾ 2-0 ಮುಂದಿತ್ತು. 89ನೇ ನಿಮಿಷದಲ್ಲಿ ಜರ್ಮನಿ 2-2 ಮಾಡಿತು. ಎಕ್ಸ್‌ಟ್ರಾ ಟೈಮ್‌ನಲ್ಲೂ ಬಗೆಹರಿಯದೆ, ಎರಡೂ ತಂಡ ಸರದಿಯಲ್ಲಿ ಪೆನಾಲ್ಟಿ ಹೊಡೆಯುವ ಶೂಟೌಟ್‌ಗೆ ಹೋಯಿತು. ಯೂರೋ ಫೈನಲ್‌ಗೆ ಅದೇ ಮೊದಲ ಶೂಟೌಟ್. ಜರ್ಮನಿಯ ಉಲಿ ಹೋನೆಸ್ ಚೆಂಡನ್ನು ಗೋಲಿನ ಮೇಲಿಂದ ಆಚೆ ಕಳಿಸಿಬಿಟ್ಟರು. ಈಗ ಪನೆಂಕಾ ಹಾಕಿದರೆ ಕಪ್ ಅವರದು. ಉದ್ದಕ್ಕೆ ಓಡಿ ಬಂದರು, ಚೆಂಡಿನ ಅಡಿಗೆ ಪಾದ ಕೊಟ್ಟು ಮೇಲೆತ್ತಿದರು. ಕೀಪರ್ ಸೆಪ್ ಮಯರ್ ಆಗಲೇ ತಮ್ಮ ಎಡಕ್ಕೆ ಹಾರಿಯಾಗಿತ್ತು. ಶೂಟೌಟ್ 5-3.

ಇದನ್ನು ಬರೀ ಧಿಮಾಕು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇದರಲ್ಲಿ ಲೆಕ್ಕಾಚಾರವೇ ಜಾಸ್ತಿ. ಪೆನಾಲ್ಟಿ ಹೊಡೆಯುವ ಜಾಗಕ್ಕೂ ಗೋಲಿಗೂ 11 ಮೀಟರ್ ಅಷ್ಟೇ. ಜೋರಾಗಿ ಬಂದ ಚೆಂಡನ್ನು ನೋಡಿಕೊಂಡು ಹಾರುತ್ತೇನೆ ಅಂದರೆ ತಡವಾಗುತ್ತದೆ. ಅದಕ್ಕೇ ಕೀಪರ್ ಮೊದಲೇ ಊಹಿಸಿ ಹಾರುವುದು. ಓಟದಲ್ಲಿ ಒಂಚೂರೂ ಅಳುಕು ಕಾಣಬಾರದು. ಕೀಪರ್‌ಗೆ ಸುಳಿವು ಸಿಕ್ಕಿ ಸುಮ್ನೆ ನಿಂತುಬಿಟ್ಟರೆ ಚೆಂಡು ಸೀದಾ ಅವನ ಕೈಗೇ.

1992ರಲ್ಲಿ ಬ್ರೆಜಿಲ್ ಎದುರು ಗ್ಯಾರಿ ಲಿನೆಕರ್‌ಗೆ ಆದದ್ದು ಹೀಗೇ. ಇಂಗ್ಲೆಂಡ್ ಪರ ಬಾಬಿ ಚಾರ್ಲ್ಟನ್ ಹೊಡೆದ 49 ಗೋಲುಗಳ ದಾಖಲೆ ಸರಿಗಟ್ಟಲು ಒಂದೇ ಗೋಲು ಬಾಕಿಯಿತ್ತು. ಪನೆಂಕಾ ಹೊಡೆಯಲು ಹೋದರು, ಕೀಪರ್ ಹಿಡಿದುಬಿಟ್ಟ. 48ಕ್ಕೇ ನಿಂತಿತು. 2006ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್‌ನ ಜಿದಾನ್ ಹೊಡೆದದ್ದು ಮೇಲಿನ ಅಡ್ಡಪಟ್ಟಿಗೆ ಬಡಿದು ಗೆರೆಯೊಳಗೆ ಬಿತ್ತು. ಬಚಾವ್. ನನ್ನ ಮೆಚ್ಚಿನದು 2012ರ ಯೂರೋದಲ್ಲಿ ಇಟಲಿಯ ಪಿರ್ಲೋ ಹೊಡೆದದ್ದು. ಶೂಟೌಟ್‌ನಲ್ಲಿ ಇಟಲಿ ಹಿಂದಿತ್ತು. ಇಂಗ್ಲೆಂಡ್ ಕೀಪರ್ ಜೋ ಹಾರ್ಟ್ ಕುಣಿದು ಕೂಗಿ ಹೆದರಿಸುತ್ತಿದ್ದರು. ಅಷ್ಟು ಆತುರದಲ್ಲಿರುವ ಕೀಪರ್ ಹಾರದೇ ಇರುತ್ತಾನಾ?

ಆ ಒಂದು ಪೆನಾಲ್ಟಿ ತಮ್ಮ ಉಳಿದ ಆಟವನ್ನೆಲ್ಲ ಮರೆಸಿಬಿಟ್ಟಿತು ಅನ್ನುವ ಬೇಸರ ಪನೆಂಕಾಗೂ ಇತ್ತು. ತಪ್ಪೇನಿಲ್ಲ, ಅಲ್ವಾ? ದೇಶಕ್ಕಾಗಿ 59 ಪಂದ್ಯ, 17 ಗೋಲು. 1981ರಲ್ಲಿ ಆಸ್ಟ್ರಿಯಾದ ರಾಪಿಡ್ ವಿಯೆನ್ನಾ ಸೇರಿ ಎರಡು ಸಲ ಲೀಗ್ ಗೆದ್ದರು. 1982ರ ವಿಶ್ವಕಪ್‌ನಲ್ಲಿ ಚೆಕೊಸ್ಲೊವಾಕಿಯಾ ಹೊಡೆದದ್ದು ಎರಡೇ ಗೋಲು. ಎರಡೂ ಅವರವೇ, ಎರಡೂ ಪೆನಾಲ್ಟಿ.