ಮೆಳ್ಳೆಗಣ್ಣಿನ ಚಿಕಿತ್ಸೆಗೆ ‘ಏಳು ವರ್ಷ’ದ ಗಡುವು ಬಂದದ್ದು ಹೇಗೆ?

ಮಗುವಿಗೆ ಮೆಳ್ಳೆಗಣ್ಣು ಇದ್ದರೆ ಮನೆಯ ಹಿರಿಯರು ‘ಅದು ಅದೃಷ್ಟ, ಬೆಳೀತಾ ಸರಿಹೋಗುತ್ತೆ’ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ‘ಏಳು ವರ್ಷ ದಾಟಿದರೆ ಕಷ್ಟ’ ಅನ್ನುತ್ತಾರೆ. ಮೊಬೈಲಿನಲ್ಲಿ ನೋಡಿದರೆ ನಲವತ್ತು ದಾಟಿದವರಿಗೂ ಸರಿಯಾಯಿತು ಅನ್ನುವ ಸುದ್ದಿ. ಅಪ್ಪ ಅಮ್ಮ ಯಾವುದನ್ನು ನಂಬಬೇಕು?

ಉತ್ತರಕ್ಕೆ ಮೊದಲು, ಎರಡು ಕಣ್ಣು ಜೊತೆಯಾಗಿ ಏನು ಮಾಡುತ್ತವೆ ಎಂದು ತಿಳಿಯಬೇಕು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದೆ. ಬೆರಳು ಹತ್ತಿರ ಬಂದಷ್ಟೂ ಜಿಗಿತ ಜಾಸ್ತಿ. ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ ಇರುವುದರಿಂದ ಒಂದೊಂದಕ್ಕೆ ಒಂದೊಂದು ಚಿತ್ರ ಸಿಗುತ್ತದೆ. ಆ ಸಣ್ಣ ವ್ಯತ್ಯಾಸದಿಂದಲೇ ಮೆದುಳು ಯಾವುದು ಮುಂದೆ, ಯಾವುದು ಹಿಂದೆ ಎಂದು ಅಳೆಯುತ್ತದೆ.

ಇದನ್ನು ಮೊದಲು ಖಚಿತವಾಗಿ ತೋರಿಸಿದವರು ಲಂಡನ್ನಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್, 1838ರಲ್ಲಿ. ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೂ ತುಸು ಬೇರೆಯಾದ ಗೆರೆಚಿತ್ರ ತೋರಿಸಿದರು. ನೆರಳಿಲ್ಲ, ಬಣ್ಣವಿಲ್ಲ. ಆದರೂ ಚಿತ್ರಕ್ಕೆ ಆಳ ಬಂತು. ಮುಂದಿನ 120 ವರ್ಷ ಇದು ಹೆಚ್ಚಾಗಿ ಮನೆಮನೆಯ ಫೋಟೋ ಆಟಿಕೆಯಾಗಿ ಉಳಿಯಿತು.

ನಿಜವಾದ ತಿರುವು ಕೊಟ್ಟವರು ಬೇಲಾ ಯೂಲೆಸ್. 1956ರ ದಂಗೆಯ ನಂತರ ಹಂಗೇರಿ ಬಿಟ್ಟು ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯ ಸೇರಿದ ಎಂಜಿನಿಯರ್. ಮೆದುಳು ಮೊದಲು ವಸ್ತುವನ್ನು ಗುರುತಿಸಿ, ಆಮೇಲೆ ಎರಡೂ ಚಿತ್ರಗಳನ್ನು ಹೊಂದಿಸುತ್ತದೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಯೂಲೆಸ್ ಕಂಪ್ಯೂಟರ್‌ನಿಂದ ಸುಮ್ನೆ ಚುಕ್ಕೆಗಳನ್ನು ಚೆಲ್ಲಿದ ಚಿತ್ರ ಮಾಡಿಸಿದರು. ಅದರದೇ ನಕಲು ತೆಗೆದು, ನಡುವಿನ ಚೌಕದಲ್ಲಿದ್ದ ಚುಕ್ಕೆಗಳನ್ನಷ್ಟೇ ಸ್ವಲ್ಪ ಪಕ್ಕಕ್ಕೆ ಸರಿಸಿದರು. ಖಾಲಿಯಾದ ಜಾಗಕ್ಕೆ ಹೊಸ ಚುಕ್ಕೆ ತುಂಬಿದರು. ಒಂದು ಕಣ್ಣಲ್ಲಿ ಎಷ್ಟು ಹುಡುಕಿದರೂ ಚೌಕ ಸಿಗುವುದಿಲ್ಲ. ಎರಡನ್ನೂ ಕೂಡಿಸಿ ನೋಡಿದರೆ ಚೌಕ ಮೇಲೆದ್ದು ತೇಲುತ್ತದೆ! ಗುರುತಿಸಲು ಅಲ್ಲಿ ಏನೂ ಇಲ್ಲದಿದ್ದರೂ ಆಳ ಕಂಡಿತು. 1960ರಲ್ಲಿ ಇದು ಪ್ರಕಟವಾಯಿತು. ಚುಕ್ಕೆಗೆ ಚುಕ್ಕೆ ಹೊಂದಿಸುವ ಕೆಲಸ ನೋಟದ ತೀರಾ ಆರಂಭದಲ್ಲೇ ನಡೆಯುತ್ತದೆ ಎಂದಾಯಿತು. 1967ರಲ್ಲಿ ಬೆಕ್ಕಿನ ಮೆದುಳಿನಲ್ಲಿ ಈ ವ್ಯತ್ಯಾಸಕ್ಕೆ ಸ್ಪಂದಿಸುವ ಜೀವಕೋಶಗಳೂ ಸಿಕ್ಕವು.

ಗೋಜಲು ಶುರುವಾಗಿದ್ದೂ ಬೆಕ್ಕಿನ ಮರಿಗಳಿಂದಲೇ. ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ 1965ರಲ್ಲಿ ಮರಿಗಳಿಗೆ ಶಸ್ತ್ರಕ್ರಿಯೆಯಿಂದ ಮೆಳ್ಳೆಗಣ್ಣು ಬರಿಸಿ ನೋಡಿದ್ದರು. ಕಣ್ಣೆರಡೂ ಚೆನ್ನಾಗಿದ್ದವು. ಆದರೆ ಮೆದುಳಿನಲ್ಲಿ ಎರಡೂ ಕಣ್ಣಿಗೆ ಸ್ಪಂದಿಸುವ ಕೋಶಗಳು ತೀರಾ ಕಡಿಮೆಯಾಗಿದ್ದವು. ಮರಿಗಳಿಗೆ ಮೊದಲ ಮೂರು ತಿಂಗಳು ನಿರ್ಣಾಯಕ ಎಂದೂ ಅವರ ಪ್ರಯೋಗಗಳು ತೋರಿಸಿದವು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಎಳೆಯ ವಯಸ್ಸು ಮುಖ್ಯ ಎಂಬ ಸರಿಯಾದ ಮಾತು ಚಿಕಿತ್ಸೆಯ ಕೋಣೆಗೆ ಬರುವಷ್ಟರಲ್ಲಿ ‘ಏಳು ವರ್ಷದ ಆಮೇಲೆ ಬಾಗಿಲು ಮುಚ್ಚಿತು’ ಎಂದಾಯಿತು. ತಡವಾಗಿ ಬಂದ ಎಷ್ಟೋ ಮಕ್ಕಳನ್ನು ಪ್ರಯತ್ನವೇ ಇಲ್ಲದೆ ವಾಪಸು ಕಳಿಸಲಾಯಿತು. ಇದು ಆಗಬಾರದಿತ್ತು.

ಮೆಳ್ಳೆಗಣ್ಣಿದ್ದರೆ ಮೆದುಳು ಒಂದು ಕಣ್ಣನ್ನು ಕಡೆಗಣಿಸಿ ಅದರ ನೋಟ ಮಂಕಾಗಬಹುದು; ಇದೇ ಸೋಮಾರಿ ಕಣ್ಣು. ಇದರ ಬಗ್ಗೆ 2005ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಬಂತು. ಚಿಕಿತ್ಸೆ ಪಡೆದ 7ರಿಂದ 12 ವರ್ಷದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ದೃಷ್ಟಿ ಸುಧಾರಿಸಿತು. ಅಲ್ಲಿ ಅಳೆದದ್ದು ನೋಟದ ಸ್ಪಷ್ಟತೆಯನ್ನು. ಆಳ ಕಾಣುವುದು ಬೇರೆ ವಿಷಯ, ಇದನ್ನು ಬೆರೆಸಬಾರದು. ಮರುವರ್ಷ ನರವಿಜ್ಞಾನಿ ಸೂಸನ್ ಬ್ಯಾರಿ ಅವರ ಅನುಭವ ಜಗತ್ತಿಗೆ ಗೊತ್ತಾಯಿತು. ಬಾಲ್ಯದ ಶಸ್ತ್ರಚಿಕಿತ್ಸೆಗಳಿಂದ ಕಣ್ಣು ನೇರವಾಗಿತ್ತು, ಆಳ ಮಾತ್ರ ಕಂಡಿರಲಿಲ್ಲ. 48ರ ವಯಸ್ಸಿನಲ್ಲಿ ಕಣ್ಣಿನ ತರಬೇತಿ ಪಡೆದ ಮೇಲೆ, ಒಂದು ದಿನ ಕಾರಿನ ಸ್ಟಿಯರಿಂಗ್ ತಟ್ಟನೆ ಎದ್ದು ಕಂಡಿತು.

ಎಲ್ಲ ದೊಡ್ಡವರಿಗೂ ಹೀಗಾಗುವುದಿಲ್ಲ. ಮಗುವಿನಲ್ಲಿ ಆಳ ಕಾಣುವ ಶಕ್ತಿ ಮೂರರಿಂದ ಐದು ತಿಂಗಳೊಳಗೆ ಮೂಡುತ್ತದೆ. ಹಾಗಾಗಿ ನಾಲ್ಕು ತಿಂಗಳ ನಂತರವೂ ಕಣ್ಣು ವಾರೆಯಾಗಿದ್ದರೆ ಏಳು ವರ್ಷದ ಲೆಕ್ಕ ಹಾಕುತ್ತಾ ಕೂರಬೇಡಿ, ಈಗಲೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಏಳು ದಾಟಿದ ಮಗುವಾದರೂ ಅಷ್ಟೇ, ಒಮ್ಮೆ ಪರೀಕ್ಷೆ ಮಾಡಿಸಿ.